ತಾಳ್ಯದ ಗಾಳಿ, ಜೀಪಿನ ಕಾರ್ಬುರೇಟರ್

ತಾಳ್ಯದ ಕಡೆಗೆ ತಿರುಗುವಲ್ಲಿ ಎದುರಿನಿಂದ ಲಾರಿಗಳು ಸಾಲಾಗಿ ಬರುತ್ತಿದ್ದವು. ಇಂಡಿಕೇಟರ್ ಹಾಕಿ ಕಾಯುತ್ತಿದ್ದೆ. ಕಾರಿನೊಳಗೆ ಹಾಡಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ತಮ್ಮ ಮಂಜು ಹೊಳಲ್ಕೆರೆ ದಾಟಿದ ಮೇಲೆ ಒಂದು ಮಾತೂ ಆಡಿರಲಿಲ್ಲ. ಹಾಗಾಗಿ ಇಂಡಿಕೇಟರಿನ ಸದ್ದೊಂದೇ ಉಳಿದಿತ್ತು. ಟಿಕ್, ಟಿಕ್, ಟಿಕ್. ಮಂಜುವಿನ ಕೈ ಬಾಗಿಲಿನ ಹಿಡಿಯನ್ನು ಹುಡುಕಿಕೊಂಡು ಹೋದದ್ದು ಕಂಡಿತು. ಅಷ್ಟು ಹೊತ್ತಿಗೆ ನನ್ನ ಕೈಯೂ ನನ್ನ ಕಡೆಯ ಬಾಗಿಲಿನ ಮೇಲಿತ್ತು. ಇಂಡಿಕೇಟರ್ ಆರಿಸಿದೆ. ಗಾಜು ಇಳಿಸಿ, ಕೈ ಹೊರಗೆ ಚಾಚಿ, ಹಾಗೇ ತಿರುಗಿಸಿದೆ. ಹಿಂದಿನಿಂದ ಬಂದ ಬೈಕಿನವನು "ಯಾವ ಕಾಲದೋರಮ್ಮ ನೀವು" ಎಂದು ಕೂಗಿಕೊಂಡು ಹೋದ.

ನಮ್ಮನ್ನು ಕರೆಸಿಕೊಂಡವಳು ದೊಡ್ಡವ್ವ, ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ತನ್ನ ಕುರಿಮರಿಗಳ ಜೊತೆಗೇ ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಹೊಸ ಕಾರು ತಗಂಡೀಯಂತೆ ಸುಮಾ. ತಂದು ತೋರ್ಸು. ಬರುವಾಗ ಅವನ್ನೂ ಕೂರಿಸ್ಕಂಬಾ. ಅವನು ಬರಲ್ಲ ಅಂದ್ರೆ ನೀನೂ ಬರಬ್ಯಾಡ." ಎರಡು ವರ್ಷದ ಹಿಂದಿನ ಆ ಶ್ರಾವಣದ ನಂತರ ಮಂಜು ತಾಳ್ಯಕ್ಕೆ ಕಾಲಿಟ್ಟಿರಲಿಲ್ಲ. ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದ ದಿನವೂ ಬರಲಿಲ್ಲ. ಅವಳು ಕೇಳುವುದನ್ನೂ ಬಿಟ್ಟಿದ್ದಳು. ಈಗ ಕೇಳಿದ್ದಳು.

ಆ ವರ್ಷದ ಮುಂಗಾರು ನಮ್ಮ ಕಡೆ ಎಂದಿನಂತೆ ಗಾಳಿಯಾಗಿಯೇ ಬಂತು. ಮೋಡಗಳು ಪಡುವಣದಿಂದ ಬಂದು ಚಿತ್ರದುರ್ಗದ ಗುಡ್ಡಗಳ ಮೇಲೆ ಹಾದು, ನಿಲ್ಲದೆ ಆಂಧ್ರದ ಕಡೆ ಓಡುತ್ತಿದ್ದವು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತಿದ್ದವು. ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ, ಮಂಜುವಿನ ಬಾಡಿಗೆ ಮನೆಗೆ ಹೋಗುತ್ತಿದ್ದೆ. ಮನೆಗೆ ಎನ್ನುವುದಕ್ಕಿಂತ ಫಕ್ರುದ್ದೀನ್ ಸಾಬರ ಗ್ಯಾರೇಜಿಗೆ ಎನ್ನಬೇಕು. ಆ ದಿನಗಳಲ್ಲಿ ಮಂಜು ಸಿಗುತ್ತಿದ್ದದ್ದು ಅಲ್ಲೇ.

ಮಂಜು ಮದುವೆಯ ಫೋಟೊಗ್ರಾಫರ್. ಮದುವೆಗೆ ಮೊದಲು ಹುಡುಗ ಹುಡುಗಿಯನ್ನು ಕೋಟೆಯ ಬುಡಕ್ಕೆ, ಗಾಳಿಯಂತ್ರಗಳ ಗುಡ್ಡಕ್ಕೆ ಕರೆದುಕೊಂಡು ಹೋಗಿ ಫೋಟೊ ತೆಗೆಯುವುದು ಈಗ ಎಲ್ಲರಿಗೂ ಬೇಕು. ಎಲ್ಲರೂ ಒಂದೇ ಥರದ ಬುಲೆಟ್ ಬೈಕಿನ ಮೇಲೆ ಕೂತು ಒಂದೇ ಥರ ನಗುವುದು ಅವನಿಗೆ ಬೇಸರ ತಂದಿತ್ತು. ಹಿರಿಯೂರಿನ ಒಂದು ಮದುವೆಗೆ ಹೋದಾಗ, ಆ ಮನೆಯ ಶೆಡ್ಡಿನಲ್ಲಿ ಹುಣಸೆಹಣ್ಣಿನ ಮೂಟೆಗಳ ಹಿಂದೆ ಆ ಕಾರನ್ನು ನೋಡಿದ. ಇಬ್ಬರೇ ಕೂರಬಹುದಾದ, ಮೇಲೆ ಛಾವಣಿಯಿಲ್ಲದ, ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಸ್ಪೋರ್ಟ್ಸ್ ಕಾರು. ಒಂದು ಕಾಲದಲ್ಲಿ ಕೆಂಪಗಿತ್ತಂತೆ. ಅವರು ಕೊಟ್ಟರು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಸಿಕೊಂಡು ಬಂದ. ಜವನಗೊಂಡನಹಳ್ಳಿಯ ಒಬ್ಬ ವರ ಆಗಲೇ ಕೇಳಿದ್ದನಂತೆ, ಶ್ರಾವಣದ ಹೊತ್ತಿಗೆ ರೆಡಿ ಮಾಡ್ತೀರಾ ಅಣ್ಣ ಎಂದು.

ಬಣ್ಣ, ಟೈರು, ವೈರು ಎಲ್ಲವೂ ಆಯಿತು. ಕಾರ್ಬುರೇಟರ್ ಮಾತ್ರ ಆಗಲಿಲ್ಲ. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಉಣಿಸುವ ಭಾಗ ಅದು. ಆ ಕಾರಿಗೆ ಅಂಥವು ಎರಡಿದ್ದವು. ಒಂದರ ಮೈ ಸೀಳಿತ್ತು, ಇನ್ನೊಂದು ಸವೆದು ಸಡಿಲವಾಗಿತ್ತು.

"ಎರಡು ಕಾರ್ಬೋರೇಟರ್ ಅಂದ್ರೆ ಇಬ್ರು ಹೆಂಡ್ರು ಇದ್ದಂಗೆ ಮಂಜಣ್ಣ," ಎಂದರು ಫಕ್ರುದ್ದೀನ್ ಸಾಬರು. "ಒಂದಕ್ಕೆ ಸಮಾಧಾನ ಮಾಡಿದ್ರೆ ಇನ್ನೊಂದು ಮುನಿಸ್ಕಂತೈತೆ."

"ನಿಮಗೆ ಹೆಂಗೆ ಗೊತ್ತು ಸಾಬ್ರೆ? ನಿಮಗೆಷ್ಟು ಜನ?" ಎಂದೆ.

"ಒಬ್ಳೇ ಮೇಡಮ್. ಮುನಿಸ್ಕಳಾಕೆ ಅವಳೊಬ್ಳೇ ಸಾಕು."

ಮಾತು ಜೋರು, ನಗು ಜೋರು, ಬಾಯಲ್ಲಿ ಯಾವಾಗಲೂ ಅಡಿಕೆ. ಆಗದು ಎನ್ನುವುದು ಅವರಿಗೆ ಅವಮಾನ. ಗುಜರಿಯಲ್ಲಿ ಹುಡುಕಿ, ಎರಡರ ಬದಲಿಗೆ ಹಳೆಯ ಜೀಪೊಂದರ ಒಂದೇ ಕಾರ್ಬುರೇಟರ್ ತಂದರು. ಬೇರೆ ಕಂಪನಿಯದು, ಬೇರೆ ಅಳತೆಯದು. ಅದರ ಬಾಯಿಗೂ ಈ ಎಂಜಿನ್ನಿನ ಬಾಯಿಗೂ ಹೊಂದಿಕೆಯಿರಲಿಲ್ಲ. ಲೇತಿನವನ ಹತ್ತಿರ ಅಲ್ಯೂಮಿನಿಯಮ್ ಹಲಗೆ ಕೊಯ್ಯಿಸಿ ನಡುವೆ ಇಟ್ಟು ಎರಡನ್ನೂ ಕೂಡಿಸಿದರು. ನಾನು ಮೊಬೈಲಿನ ಬೆಳಕು ಹಿಡಿದು ನಿಂತಿರುತ್ತಿದ್ದೆ. ಮೇಲಿನ ತಗಡಿನ ಶೀಟು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.

ಹಳೆಯ ಕಾರ್ಬುರೇಟರುಗಳ ಕೆಳಗೆ ಒಂದು ತಗಡಿನ ತಟ್ಟೆಯಿತ್ತು. ಅವುಗಳ ಪಕ್ಕೆಯಿಂದ ತೆಳ್ಳನೆಯ ಪೈಪುಗಳು ನೆಲದವರೆಗೆ ಇಳಿದಿದ್ದವು. ಪೆಟ್ರೋಲು ಉಕ್ಕಿದರೆ ಎಂಜಿನ್ ಮೇಲೆ ಬೀಳದೆ ರಸ್ತೆಗೆ ಹೋಗಲಿ ಎಂದು. ಜೀಪಿನದು ಕೂತ ಮೇಲೆ ಆ ತಟ್ಟೆ ಹಿಡಿಸಲಿಲ್ಲ. ಪೈಪಿಗೆ ಸಿಕ್ಕಿಸುವ ಜಾಗವೂ ಇರಲಿಲ್ಲ.

"ಇವು ಬ್ಯಾಡ್ವ?" ಎಂದ ಮಂಜು.

"ಜೀಪಿಗೆ ಇವೆಲ್ಲ ಎಲ್ಲವೆ? ಅದು ಗುಡ್ಡ ಹತ್ತಲಿಲ್ವ ಇಷ್ಟು ವರ್ಷ?" ಸಾಬರು ತಟ್ಟೆಯನ್ನು ಗೋಡೆಯ ಮೊಳೆಗೆ ನೇತುಹಾಕಿದರು.

ಜೀಪಿಗೆ ಅವು ಬೇಕಿರಲಿಲ್ಲ, ನಿಜ. ಜೀಪಿನಲ್ಲಿ ಪೆಟ್ರೋಲು ಎಳೆದುಕೊಡುವ ಪಂಪು ಎಂಜಿನ್ನಿನ ಜೊತೆಗೇ ತಿರುಗುತ್ತದೆ. ಎಂಜಿನ್ ನಿಂತರೆ ಪೆಟ್ರೋಲೂ ನಿಲ್ಲುತ್ತದೆ. ಈ ಕಾರಿನ ಪಂಪು ಹಿಂದಿನ ಚಕ್ರದ ಹತ್ತಿರ ಇತ್ತು, ಕರೆಂಟಿನದು. ಎಂಜಿನ್ ನಡೆಯಲಿ ಬಿಡಲಿ, ಕೀಲಿ ತಿರುಗಿಸಿದರೆ ಸಾಕು, ಅದು ಟಿಕ್ ಟಿಕ್ ಎಂದು ತಳ್ಳತೊಡಗುತ್ತದೆ. ಕಾರ್ಬುರೇಟರ್ ಒಂದು ಮನೆಯದು, ಪಂಪು ಇನ್ನೊಂದು ಮನೆಯದು. ಅವೆರಡರ ನಡುವೆ ಏನು ಆಗಬಹುದು ಎಂಬುದನ್ನು ಆ ದಿನ ಯಾರೂ ಯೋಚಿಸಲಿಲ್ಲ. ಗಾಡಿ ಶುರುವಾಗುತ್ತದೆಯೋ ಇಲ್ಲವೋ ಎಂಬುದೊಂದೇ ಯೋಚನೆಯಾಗಿತ್ತು.

ಆ ಸದ್ದನ್ನು ನಮಗೆ ಕಲಿಸಿದವರು ಸಾಬರೇ. ಕೀಲಿ ತಿರುಗಿಸಿ ಬೆರಳು ಎತ್ತಿದರು. "ಕೇಳ್ರಿ. ಟಿಕ್ ಟಿಕ್ ಅಂದ್ರೆ ಕುಡೀತೈತೆ ಅಂತ. ಒಳಗೊಂದು ಪುಟ್ಟ ಬಟ್ಲು ಐತೆ, ಅದರಾಗೊಂದು ತೇಲೋ ಬುರುಡೆ. ಬಟ್ಲು ತುಂಬ್ತಿದ್ದಂಗೆ ಬುರುಡೆ ಮೇಲಕ್ಕೆ ಬಂದು ಸೂಜೀನ ಒತ್ತುತೈತೆ, ಪೆಟ್ರೋಲ್ ದಾರಿ ಬಂದ್." ಸ್ವಲ್ಪ ಹೊತ್ತಿಗೆ ಸದ್ದು ನಿಧಾನವಾಯಿತು. ನಿಂತಿತು. "ಹೊಟ್ಟೆ ತುಂಬ್ತು."

"ನಿಲ್ಲಲೇ ಇಲ್ಲ ಅಂದ್ರೆ?" ಎಂದ ಮಂಜು.

"ಎಲ್ಲೋ ಸೋರ್ತಾ ಐತೆ ಅಂತ. ಕೀಲಿ ತೆಗೀಬೇಕು, ಓಡ್ಬೇಕು." ಸಾಬರು ನಕ್ಕರು. ನಾವೂ ನಕ್ಕೆವು.

ಎಂಜಿನ್ ಶುರುವಾಯಿತು. ಗಂಟಲಿನಲ್ಲಿ ಕಲ್ಲು ಉರುಳಿದಂಥ ಸದ್ದು. ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಬಂದು ನಿಂತರು. ಮದಕರಿಪುರದ ಕಡೆ ಒಂದು ಸುತ್ತು ಹೋಗಿ ಬಂದೆವು. ಮಂಜು ಓಡಿಸಿದ, ನಾನು ಪಕ್ಕದಲ್ಲಿ. ಗಾಳಿ ಕೂದಲನ್ನೆಲ್ಲ ಬಾಯಿಗೆ ತುಂಬಿತು. ಅದನ್ನು ಸಂತೋಷ ಎಂದೇ ಕರೆಯಬೇಕು. ಸಂತೋಷವಾಗಿತ್ತು ಎಂಬುದು ನನಗೆ ವಿಷಯವಾಗಿ ಗೊತ್ತಿದೆ, ಅದು ಹೇಗಿತ್ತು ಎಂಬುದು ಈಗ ಸಿಗುವುದಿಲ್ಲ. ನೆನಪಿರುವುದು ರಸ್ತೆಗೆ ಅಡ್ಡ ಬಂದ ಕುರಿಹಿಂಡು, ಅದರ ಹಿಂದೆ ಬಂದ ಮುದುಕ. ಅವನು ಕೋಲಿಗೆ ಗಲ್ಲ ಊರಿ ನಮ್ಮನ್ನು ನೋಡಿ, "ಏನಪ್ಪ, ಮ್ಯಾಲಿನ ತಗಡು ಎಲ್ಲಿ ಹಾರೋಯ್ತು?" ಎಂದ.

ಅದೇ ವಾರ ಕಾರನ್ನು ದೊಡ್ಡವ್ವನಿಗೆ ತೋರಿಸಲು ತಾಳ್ಯಕ್ಕೆ ಒಯ್ದೆವು. ಅವಳು ಸುತ್ತ ಒಮ್ಮೆ ನಡೆದು ನೋಡಿದಳು. ದೊಡ್ಡಪ್ಪ ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡು ಒಂದು ಚಕ್ರವನ್ನು ಕಾಲಿನಿಂದ ಮುಟ್ಟಿದ. ಅವನ ಮಟ್ಟಿಗೆ ಅದು ಮೆಚ್ಚುಗೆ.

"ಪೂಜೆ ಆಯ್ತಾ?" ಎಂದಳು ದೊಡ್ಡವ್ವ.

"ಇಲ್ಲ. ಮಾಡ್ಸಾಣ ಬಿಡು."

"ಪೂಜೆ ಇಲ್ದೆ ರೋಡಿಗೆ ತಂದೀಯ? ನಾಳಿಂದ ಆಷಾಢ ಬ್ಯಾರೆ. ಇದು ಇಲ್ಲೇ ಇರ್ಲಿ. ಶ್ರಾವಣಕ್ಕೆ ನಾನೇ ಪೂಜೆ ಮಾಡಿ ಕಳಿಸ್ತೀನಿ."

"ದೊಡ್ಡವ್ವಾ, ಇಂಗ್ಲೆಂಡಿನ ಗಾಡಿಗೆ ಎಲ್ಲಿ ಆಷಾಢ?"

"ಇಂಗ್ಲೆಂಡಾಗೆ ಇಲ್ಲ, ತಾಳ್ಯದಾಗೆ ಐತೆ. ಬಿಟ್ಟೋಗು."

ಆಷಾಢದಲ್ಲಿ ಮದುವೆಯಿಲ್ಲ, ಹಾಗಾಗಿ ಮಂಜುವಿಗೆ ಕೆಲಸವೂ ಇಲ್ಲ. ಬಿಟ್ಟುಬಂದ. ಕಾರು ಕುರಿಮರಿ ಕೂಡುವ ಶೆಡ್ಡಿನಲ್ಲಿ ನಿಂತಿತು. ಒಂದು ಕೋಳಿ ಎಡಗಡೆಯ ಸೀಟಿನಲ್ಲಿ ಮೊಟ್ಟೆಯಿಡತೊಡಗಿದೆ, ಎಬ್ಬಿಸಲು ಹೋದರೆ ಕುಕ್ಕುತ್ತದೆ ಎಂದು ದೊಡ್ಡವ್ವ ಫೋನಿನಲ್ಲಿ ಹೇಳುತ್ತಿದ್ದಳು. ತಿಂಗಳಿಡೀ ಗಾಳಿ ಬೀಸಿತು. ಹೊಸದುರ್ಗದಲ್ಲಿ ನನ್ನ ತರಗತಿಯ ಕಿಟಕಿಗಳು ಬಡಿದುಕೊಳ್ಳುತ್ತಿದ್ದವು. ಕಾರ್ಬುರೇಟರಿನ ಆ ಪುಟ್ಟ ಬಟ್ಟಲಿನಲ್ಲಿ ಉಳಿದಿದ್ದ ಪೆಟ್ರೋಲು ನಿಧಾನವಾಗಿ ಆರಿಹೋಯಿತು. ಆರುವಾಗ ಅಂಟನ್ನು ಬಿಟ್ಟುಹೋಯಿತು. ಸೂಜಿ ತೆರೆದ ಬಾಯಿಯಲ್ಲೇ ಅಂಟಿಕೊಂಡಿತು. ಇದು ನಮಗೆ ತಿಳಿದದ್ದು ಎಲ್ಲ ಆದ ಮೇಲೆ, ಹೀಗೇ ಆಗಿರಬೇಕು ಎಂದು ಸಾಬರು ಹೇಳಿದಾಗ.

ಶ್ರಾವಣದ ಮೊದಲ ಸೋಮವಾರ ಪೂಜೆ. ಎಂಜಿನ್ ಶುರು ಮಾಡುವುದು ಪೂಜೆಯ ನಂತರವೇ ಎಂದು ದೊಡ್ಡವ್ವ ಹೇಳಿದ್ದರಿಂದ ಕಾರನ್ನು ಶೆಡ್ಡಿನಿಂದ ತಳ್ಳಿಕೊಂಡು ಬಂದೆವು. ಮೂತಿ ಪೂರ್ವಕ್ಕೆ ಇರಬೇಕಿತ್ತು. ತಿರುಗಿಸಿ ನಿಲ್ಲಿಸಿದೆವು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಮಂಜು ತಂದುಕೊಟ್ಟಿದ್ದ ಹೊಳೆಯುವ ಹೊಸ ಸೀರೆಯನ್ನು ದೊಡ್ಡವ್ವ ಉಟ್ಟಿದ್ದಳು. ನೂಲಿನ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಅವನಿಗೋಸ್ಕರ ಉಟ್ಟಿದ್ದಳು.

"ಹೊಸದಾಗಿ ಹಾಕ್ಸಿದ್ದು ಯಾವ್ದು? ಅದನ್ನ ತೋರ್ಸು ಮದ್ಲು," ಎಂದಳು.

ಮಂಜು ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿದ. ಅವಳು ಬಗ್ಗಿ ಕಾರ್ಬುರೇಟರಿಗೆ ಅರಿಸಿನ ಕುಂಕುಮ ಹಚ್ಚಿ, ಒಂದು ಚೆಂಡುಹೂ ಇಟ್ಟಳು. ಆಗ ಫಕ್ರುದ್ದೀನ್ ಸಾಬರು ತಮ್ಮ ಮೊಪೆಡ್ಡಿನಲ್ಲಿ ಬಂದು ಬೇವಿನ ಮರದ ಕೆಳಗೆ ನಿಂತರು.

"ಬರ್ರಿ ಸಾಬ್ರೆ, ಮುಂದಕ್ಕೆ ಬರ್ರಿ. ನೀವು ಮಾಡಿದ್ ಕೆಲ್ಸಕ್ಕೇ ಪೂಜೆ ಇದು," ಎಂದಳು ದೊಡ್ಡವ್ವ.

"ನೀವು ಮುಗಿಸ್ರಮ್ಮ. ಊಟದ ಹೊತ್ತಿಗೆ ಮುಂದೆ ನಾನೇ ಇರ್ತೀನಿ."

ಗಾಳಿ ಪಡುವಣದಿಂದ, ಕಾರಿನ ಬೆನ್ನ ಕಡೆಯಿಂದ ಬೀಸುತ್ತಿತ್ತು. ಕರ್ಪೂರ ಹಚ್ಚಿದರೆ ಆರುತ್ತಿತ್ತು. ದೊಡ್ಡವ್ವ ಸೆರಗು ಮರೆ ಮಾಡಿ ಹಚ್ಚಿದಳು. ಆರಿತು. ಮನೆಯೊಳಗೆ ಹೋಗಿ ಹಚ್ಚಿಕೊಂಡು ಬಂದಳು. ಹೊಸ್ತಿಲು ದಾಟುವಷ್ಟರಲ್ಲಿ ಅದೂ ಆರಿತು. "ಈ ಗಾಳಿಗೆ ಏನು ಬಂದೈತೆ ಇವತ್ತು" ಎಂದು ಬೈದುಕೊಂಡಳು. ಗಂಟೆಯನ್ನು ದೇವರ ಗೂಡಿನಲ್ಲೇ ಮರೆತು ಬಂದಿದ್ದಳು. ತರುತ್ತೇನೆ ಎಂದು ನಾನು ಹೊರಟೆ.

"ಗಂಟೆ ಯಾಕೆ? ಹಾರ್ನ್ ಐತಲ್ಲ," ಎಂದ ಮಂಜು. ಬಾಗಿಲು ತೆರೆಯದೆ ಕಾಲು ಎತ್ತಿಟ್ಟು ಒಳಗೆ ಹಾರಿ ಕೂತ. ಕೀಲಿ ತಿರುಗಿಸಿದ. ಟಿಕ್, ಟಿಕ್, ಟಿಕ್. ಬಟ್ಟಲು ಬರಿದಾಗಿತ್ತು, ಕುಡಿಯಲಿ ಎಂದುಕೊಂಡಿರಬೇಕು ಅವನು. ಹಾರ್ನ್ ಒತ್ತಿದ. ಅದರ ದನಿ ಕೇಳಿ ದೊಡ್ಡಿಯ ಕುರಿಗಳು ಒಟ್ಟಿಗೇ ಒಂದು ಮೂಲೆಗೆ ನುಗ್ಗಿದವು. ದೊಡ್ಡವ್ವ ನಕ್ಕಳು. "ಒತ್ತು, ಒತ್ತು. ನಾನು ಹಚ್ಚೋತಂಕ ಒತ್ತು."

ಎತ್ತಿದ ಬಾನೆಟ್ ಗಾಳಿಗೆ ಗೋಡೆಯಂತೆ ನಿಂತಿರುವುದು ಅವಳಿಗೆ ಆಗ ಕಂಡಿತು. ಹೊಲದಲ್ಲಿ ಒಲೆ ಹೂಡುವಾಗ, ಬೀಡಿ ಹಚ್ಚುವಾಗ, ಗಾಳಿಗೆ ಬೆನ್ನು ಕೊಟ್ಟು ಮರೆಯೊಂದನ್ನು ಹುಡುಕಿಕೊಳ್ಳುವುದು ನಮ್ಮ ಕಡೆಯವರ ಕೈಗೆ ತಾನಾಗಿ ಬರುತ್ತದೆ. ಅವಳು ಆರತಿ ತಟ್ಟೆಯನ್ನು ಬಾನೆಟ್ಟಿನ ಅಡಿಗೆ ಒಯ್ದಳು.

ಗಂಟೆಗೆಂದು ಹೊರಟ ನಾನು ಕಾರಿನ ಹಿಂದೆ, ಒಂದು ಪಕ್ಕಕ್ಕೆ ನಿಂತಿದ್ದೆ. ವಾಸನೆ ನಮ್ಮ ಕಡೆ ಬರುವಂತಿರಲಿಲ್ಲ. ಗಾಳಿ ಅದನ್ನು ಪೂರ್ವದ ಹೊಲಗಳಿಗೆ ಒಯ್ಯುತ್ತಿತ್ತು. ಒಂದು ಹಾರ್ನ್ ಮುಗಿದು ಇನ್ನೊಂದು ಶುರುವಾಗುವ ನಡುವೆ ನನಗೆ ಆ ಸದ್ದು ಕೇಳಿಸಿತು. ಟಿಕ್, ಟಿಕ್. ಅಷ್ಟೇ ವೇಗ. ಮತ್ತೆ ಹಾರ್ನ್. ಮತ್ತೆ ಟಿಕ್, ಟಿಕ್. ಮರದ ಕೆಳಗೆ ಸಾಬರು ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದನ್ನು ನೋಡಿದೆ. ಅವರ ತಲೆ ಸ್ವಲ್ಪ ಓರೆಯಾಯಿತು. ಅವರ ಬಾಯಿ ತೆರೆಯಿತು. ಇಷ್ಟು ನನ್ನ ಕಣ್ಣಿನಲ್ಲಿ ಬಿಡಿಬಿಡಿಯಾಗಿ, ಮಂಜು ತೆಗೆದ ಫೋಟೊಗಳ ಹಾಗೆ ಇದೆ. ಎಷ್ಟು ಸಲ ನೋಡಿದರೂ ಸಾಬರ ಬಾಯಿ ತೆರೆಯುವುದು ಅಷ್ಟೇ ನಿಧಾನ.

ಬುಸ್ ಎಂದಿತು. ದೊಡ್ಡ ಸದ್ದೇನೂ ಅಲ್ಲ, ದಪ್ಪ ಬಟ್ಟೆಯನ್ನು ಕೊಡವಿದ ಹಾಗೆ. ಬಾನೆಟ್ಟಿನ ಅಡಿಯಿಂದ ಬೆಂಕಿ ಹೊರಗೆ ಬಾಗಿತು. ದೊಡ್ಡವ್ವ ಹಿಂದಕ್ಕೆ ಸರಿಯಲಿಲ್ಲ. ಕೈಯಲ್ಲಿ ಆರತಿ ಇತ್ತಲ್ಲ, ಬೀಳಿಸಬಾರದು ಎಂದು ಹಾಗೇ ಹಿಡಿದುಕೊಂಡು ನಿಂತಳು. ತೋಳಿನ ಮೇಲೆ, ಸೆರಗಿನ ಮೇಲೆ ಬೆಂಕಿ ಓಡಿತು. ಹೊಳೆಯುವ ಸೀರೆ ಉರಿಯಲಿಲ್ಲ, ಕರಗಿತು.

ಹಾರ್ನ್ ನಿಲ್ಲಲಿಲ್ಲ. ಮಂಜುವಿನ ಅಂಗೈ ಅದರ ಮೇಲೆ ಒತ್ತಿಕೊಂಡೇ ಇತ್ತು. ಅವನು ಎದುರಿಗೆ ನೋಡುತ್ತಿದ್ದ. ಎದುರಿಗೆ ಎತ್ತಿದ ಬಾನೆಟ್ ಬಿಟ್ಟು ಅವನಿಗೆ ಏನೂ ಕಾಣುತ್ತಿರಲಿಲ್ಲ. ಅದರ ಅಂಚುಗಳಲ್ಲಿ ಮಾತ್ರ ಬೆಳಕು.

"ಕೀಲಿ! ಲೇ ಮಂಜಾ, ಕೀಲಿ ತೆಗಿ!" ಸಾಬರು ಓಡಿ ಬಂದರು. ಅದುವರೆಗೂ ಅವನನ್ನು ಅವರು ಲೇ ಎಂದಿರಲಿಲ್ಲ. ಪಂಪು ಬೆಂಕಿಗೆ ಪೆಟ್ರೋಲು ತಳ್ಳುತ್ತಲೇ ಇತ್ತು. ಬಾಗಿಲಿನ ಮೇಲಿಂದ ಬಗ್ಗಿ, ಕೀಲಿ ಕಿತ್ತು, ಮಂಜುವನ್ನು ಅಂಗಿ ಹಿಡಿದು ಹೊರಗೆ ಎಳೆದರು. ಅಷ್ಟರಲ್ಲಿ ದೊಡ್ಡಪ್ಪ ಹೆಗಲಿನ ಕಂಬಳಿಯನ್ನು ಬಿಡಿಸಿ, ಕುರಿ ಹಿಡಿಯುವವನ ಹಾಗೆ ದೊಡ್ಡವ್ವನ ಮೇಲೆ ಬಿದ್ದು, ಅವಳನ್ನು ಅದರಲ್ಲಿ ಸುತ್ತಿ ನೆಲಕ್ಕೆ ಒತ್ತಿ ಹಿಡಿದಿದ್ದ. ಉಣ್ಣೆ ಉರಿಯಲಿಲ್ಲ. ಸುಟ್ಟ ಕೂದಲಿನ ವಾಸನೆ ಬಂತು, ಅಷ್ಟೇ.

ಹಾರ್ನ್ ನಿಂತಿತು. ಟಿಕ್ ಟಿಕ್ ಇರಲಿಲ್ಲ. ಬೆಂಕಿಯ ಸದ್ದನ್ನು ಗಾಳಿ ಒಯ್ದಿತ್ತು. ಕಂಬಳಿಯೊಳಗಿನಿಂದ ದೊಡ್ಡವ್ವನ ದನಿ ಬಂತು, ಕೂಗಲ್ಲ, ಮಾತು. "ತಟ್ಟೆ ಎಲ್ಲಿ ಬಿತ್ತು? ನೋಡ್ರಿ, ದೀಪ ಆರೋದ್ರೆ ಒಳ್ಳೇದಲ್ಲ."

ಪಕ್ಕದ ಮನೆಯವರ ಗಾಡಿಯಲ್ಲಿ ಅವಳನ್ನು ಹೊಳಲ್ಕೆರೆಗೆ, ಅಲ್ಲಿಂದ ಚಿತ್ರದುರ್ಗಕ್ಕೆ ಒಯ್ದೆವು. ದಾರಿಯುದ್ದಕ್ಕೂ ಅವಳು ತನ್ನ ಕೈಗಳನ್ನು ಮುಂದೆ ಚಾಚಿಕೊಂಡು, ಅವು ಬೇರೆ ಯಾರವೋ ಎಂಬಂತೆ ನೋಡುತ್ತಿದ್ದಳು. ನಾನೂ ಹಾಗೇ ನೋಡುತ್ತಿದ್ದೆ. ಅಳು ಬರಲಿಲ್ಲ. ಕಾರು ಗಾಳಿಗೆ ಪೂರ್ತಿ ಉರಿಯಿತಂತೆ. ಚದುರಿಹೋದ ಕುರಿಗಳನ್ನು ಕೂಡಿಸಿ ಬರುತ್ತೇನೆ ಎಂದು ದೊಡ್ಡಪ್ಪ ಹಿಂದೆಯೇ ಉಳಿದ. ಅವುಗಳನ್ನೆಲ್ಲ ದೊಡ್ಡಿಗೆ ಹಾಕಿದ ಮೇಲೆಯೇ ಬಸ್ಸು ಹತ್ತಿ ಬಂದ. ಸುಟ್ಟ ಅಂಚಿನ ಅದೇ ಕಂಬಳಿ ಹೆಗಲ ಮೇಲಿತ್ತು.

ಅದಾದ ಕೆಲವೇ ದಿನಕ್ಕೆ ನಾನು ತರಗತಿಗೆ ಹೋದೆ. ಬೋರ್ಡಿನ ಮೇಲೆ ಬೇಡಿಕೆಯ ರೇಖೆ ಎಳೆದೆ, ಪೂರೈಕೆಯ ರೇಖೆ ಎಳೆದೆ, ಅವು ಒಂದನ್ನೊಂದು ಮುಟ್ಟುವ ಬಿಂದುವಿನ ಮೇಲೆ ಸೀಮೆಸುಣ್ಣ ಇಟ್ಟುಕೊಂಡು ನಿಂತೆ. "ಮಿಸ್, ಬೆಲ್ ಆಯ್ತು" ಎಂದು ಯಾರೋ ಹೇಳಿದರು. ಆಮೇಲೂ ಎಲ್ಲವೂ ನಡೆಯಿತು. ಉಣ್ಣುತ್ತಿದ್ದೆ, ಪತ್ರಿಕೆ ತಿದ್ದುತ್ತಿದ್ದೆ, ಶನಿವಾರ ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಬದಲಿಸುವುದನ್ನು ನೋಡುತ್ತಿದ್ದೆ. ಒಳಗೆ ಏನೂ ಅಲುಗುತ್ತಿರಲಿಲ್ಲ. ಗ್ಯಾಸ್ ಒಲೆ ಹಚ್ಚುವ ಲೈಟರಿನ ಟಿಕ್ ಸದ್ದಿಗೆ ಮಾತ್ರ ಅಡುಗೆಮನೆಯಿಂದ ಹೊರಗೆ ಬಂದು ನಿಂತಿರುತ್ತಿದ್ದೆ. ಬಂದದ್ದು ಯಾವಾಗ ಎಂದು ತಿಳಿಯುತ್ತಿರಲಿಲ್ಲ. ಬೆಂಕಿಪೊಟ್ಟಣ ತಂದಿಟ್ಟುಕೊಂಡೆ.

ಫಕ್ರುದ್ದೀನ್ ಸಾಬರು ಆಸ್ಪತ್ರೆಗೆ ಬರುತ್ತಿದ್ದರು. ಬಂದವರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದರು. ಜೋರು ದನಿ ಹೋಗಿತ್ತು. "ತಗಡಿನ ತಟ್ಟೆ ಇನ್ನೂ ಮೊಳೇಲೇ ಐತೆ ಮೇಡಮ್," ಎಂದರು ಒಂದು ದಿನ. "ಗುಜರಿಗೆ ಹಾಕಾಕೆ ಕೈ ಬರ್ತಿಲ್ಲ." ಬೇರೆ ಕಂಪನಿಯ ಭಾಗ ಹಿಡಿದುಕೊಂಡು ಯಾರೇ ಬಂದರೂ ಈಗ ಅವರು ಆಗದು ಎನ್ನುತ್ತಾರಂತೆ. ಒಂದು ಸಲ ದೊಡ್ಡವ್ವನೇ ಅವರನ್ನು ಒಳಗೆ ಕರೆಸಿ, ಹಾಸಿಗೆಯ ಪಕ್ಕ ಕೂರಿಸಿಕೊಂಡಳು.

"ಎಣ್ಣೆ ವಾಸ್ನೆ ಬರ್ಲಿಲ್ವೇನಮ್ಮ ನಿಮಗೆ?" ಎಂದು ಅವರು ಕೇಳಿದರು. ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದ ಪ್ರಶ್ನೆ.

"ಬಂತು ಸಾಬ್ರೆ. ಗಾಡಿ ಅಂದ್ಮ್ಯಾಲೆ ಎಣ್ಣೆ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬರ್ತೈತಾ ಅಂದ್ಕಂಡೆ."

ಸಾಬರು ನಗಲು ಹೋದರು. ಆಗಲಿಲ್ಲ.

ಮಂಜು ಬಂದದ್ದು ಒಂದೇ ಸಲ. ಬಾಗಿಲಲ್ಲಿ ನಿಂತು ಬಟ್ಟೆ ಸುತ್ತಿದ ಅವಳ ಕೈಗಳನ್ನು ನೋಡಿ, ಹಾಗೇ ತಿರುಗಿ ಹೋದ. ಆಮೇಲೆ ಗಾಡಿ ಓಡಿಸುವುದನ್ನು ಬಿಟ್ಟ. ಜವನಗೊಂಡನಹಳ್ಳಿಯ ವರನಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿದ. ಮದುವೆಗಳಿಗೆ ಹೋಗಲಿಲ್ಲ. ಅಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತವೆ, ಆರತಿ ಎತ್ತುತ್ತಾರೆ. ಸ್ಟುಡಿಯೋದೊಳಗೆ ಕೂತು ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಯುತ್ತಿದ್ದ. ತಾಳ್ಯಕ್ಕೆ ಹೋಗಾಣ ಎಂದಾಗಲೆಲ್ಲ "ನನ್ನ ಕೈ ಹಾರ್ನ್ ಮ್ಯಾಲೆ ಇತ್ತು ಅಕ್ಕ" ಎನ್ನುತ್ತಿದ್ದ. ಈ ಸಲ ಮಾತ್ರ, ಅವನು ಬರದಿದ್ದರೆ ನನಗೂ ಬಾಗಿಲಿಲ್ಲವಂತೆ ಎಂದಾಗ, ಚಪ್ಪಲಿ ಮೆಟ್ಟಿಕೊಂಡು ಬಂದು ಕಾರಿನಲ್ಲಿ ಕೂತ.

ದೊಡ್ಡವ್ವನ ಅಂಗಳದಲ್ಲಿ ಆ ದಿನ ಗಾಳಿಯಿರಲಿಲ್ಲ. ಮಾಗಿಯ ಬಿಸಿಲು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಸುಟ್ಟ ಕಾರಿನ ಗೂಡನ್ನು ಮತ್ತೆ ಶೆಡ್ಡಿಗೆ ತಳ್ಳಿಟ್ಟಿದ್ದರು. ಸೀಟುಗಳಿದ್ದ ಜಾಗದಲ್ಲಿ ಹುಲ್ಲು ಹಾಕಿದ್ದರು. ಕೋಳಿಗಳಿದ್ದವು. ದೂರದ ಬೇಲಿಯ ಹತ್ತಿರ ದೊಡ್ಡಪ್ಪ ನಮ್ಮ ಕಡೆ ಒಮ್ಮೆ ನೋಡಿ, ಕುರಿಗಳ ಕಡೆ ತಿರುಗಿದ.

ದೊಡ್ಡವ್ವ ಹೊರಗೆ ಬಂದಳು. ಮೊಣಕೈಯವರೆಗೆ ಚರ್ಮ ಬಿಗಿದು ಹೊಳೆಯುತ್ತಿತ್ತು. ಎಡಗೈ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ.

"ಏನಪ್ಪ, ದಾರಿ ನೆನಪಿತ್ತಾ?" ಎಂದಳು.

ಮಂಜು ಕಾರಿಗೆ ಒರಗಿ ನಿಂತಿದ್ದ. ತಲೆಯಾಡಿಸಿದ.

"ಸೊರಗೀಯ. ಹೋಟ್ಲು ಊಟ. ಮಾತಾಡಾಕೂ ಶಕ್ತಿ ಇಲ್ಲ." ಅವಳು ನನ್ನ ಕಡೆ ತಿರುಗಿದಳು. "ಕುಂತ್ಕಳ್ರಿ ಇಬ್ರೂ. ಪೂಜೆ ಆಗ್ಲಿ ಮದ್ಲು."

"ಪೂಜೆ ಬ್ಯಾಡ ದೊಡ್ಡವ್ವ," ಎಂದ ಮಂಜು. ಅಲ್ಲಿ ಅವನಾಡಿದ ಮೊದಲ ಮಾತು. "ದಯವಿಟ್ಟು ಬ್ಯಾಡ."

ಅವಳು ಕಾರಿನ ಹತ್ತಿರ ಹೋಗಲಿಲ್ಲ. ನನ್ನ ಮುಂದೆ ಬಲಗೈ ಚಾಚಿದಳು. "ಕೀಲಿ ಕೊಡು ಸುಮಾ."

ಕೊಟ್ಟೆ. ಅದನ್ನು ತಟ್ಟೆಯಲ್ಲಿ ಅರಿಸಿನ ಕುಂಕುಮದ ಪಕ್ಕದಲ್ಲಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಳು. ಕಾರು ಅಷ್ಟು ದೂರದಲ್ಲಿ ಬೇವಿನ ಕೆಳಗೆ ಸುಮ್ಮನೆ ನಿಂತಿತ್ತು. ಕೀಲಿಗೆ ಕುಂಕುಮ ಹಚ್ಚಿ, ಅದರ ಮೇಲೆ ಒಂದು ಹೂವಿನ ಎಸಳು ಇಟ್ಟಳು.

"ಈಗ ಊರಾಗೆ ಎಲ್ರಿಗೂ ಹಿಂಗೇ ಹೇಳೀನಿ," ಎಂದಳು. "ಟ್ರ್ಯಾಕ್ಟರ್ ಆಗ್ಲಿ, ಬೈಕ್ ಆಗ್ಲಿ. ಕೀಲಿ ಇಲ್ಲಿ ತಗಂಬರ್ರಿ, ಗಾಡಿ ಅಲ್ಲೇ ಇರ್ಲಿ. ದೇವ್ರಿಗೆ ಅಷ್ಟು ದೂರ ಕಾಣಲ್ವಾ?" ಮಡಿಲಿನಿಂದ ಗಂಟೆ ತೆಗೆದು ಮಂಜುವಿನ ಕಡೆ ಹಿಡಿದಳು. "ಈ ಸಲ ಮರ್ತಿಲ್ಲ. ಬಾ, ಬಾರ್ಸು."

ಅವನು ಅಲುಗಲಿಲ್ಲ. ಅವಳ ಕೈ ಚಾಚಿಕೊಂಡೇ ಇತ್ತು. ಆ ಕೈ ಬಹಳ ಹೊತ್ತು ಹಾಗೆ ನಿಲ್ಲಲಾರದು ಎಂಬುದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಗಂಟೆ ನಡುಗಿ ತಾನೇ ಸ್ವಲ್ಪ ಸದ್ದು ಮಾಡಿತು. ಅವನು ಬಂದು ತೆಗೆದುಕೊಂಡ.

ಬೆಂಕಿಕಡ್ಡಿ ಗೀರಿದವಳು ದೊಡ್ಡವ್ವನೇ. ನಾನು ಕಂಬವನ್ನು ಹಿಡಿದುಕೊಂಡೆ. ಕರ್ಪೂರ ಹತ್ತಿತು, ಜ್ವಾಲೆ ನೆಟ್ಟಗೆ ನಿಂತಿತು. ಮಂಜು ಗಂಟೆ ಬಾರಿಸುತ್ತಿದ್ದ, ಕಣ್ಣು ಅವಳ ಕೈಗಳ ಮೇಲಿತ್ತು. ಆರತಿ ಇಳಿಸಿ ಅವಳು "ಸಾಕು ಬಿಡಪ್ಪ" ಎಂದಳು. ಅವನ ಕೈ ನಿಂತಿತು.

ಕೀಲಿಯನ್ನು ಅವಳು ನನಗೆ ಕೊಡಲಿಲ್ಲ. "ಅವಳಿಗೆ ದಣಿವಾಗೈತೆ. ಹೋಗಾಗ ನೀನು ಹೊಡ್ಕಂಡೋಗು," ಎಂದು ಅವನ ಅಂಗೈಯಲ್ಲಿಟ್ಟು, ಪೂರ್ತಿ ಬಿಚ್ಚದ ತನ್ನ ಬೆರಳುಗಳಿಂದ ಅವನ ಬೆರಳುಗಳನ್ನು ಮಡಚಿದಳು. "ಯುಗಾದಿಗೆ ಬಾ. ಬರ್ಲಿಲ್ಲ ಅಂದ್ರೆ ಆ ಕೋಳಿಗೂಡನ್ನ ನಿನ್ನ ಸ್ಟುಡಿಯೋ ಮುಂದೆ ತಂದು ಇಳಿಸ್ತೀನಿ."

ಉಂಡು ಹೊರಟೆವು. ಮಂಜು ನಿಧಾನವಾಗಿ ಓಡಿಸಿದ, ಎತ್ತಿನ ಗಾಡಿಯ ವೇಗ. ಕೀಲಿಯ ಕುಂಕುಮ ಅವನ ಬೆರಳಿಗೆ, ಬೆರಳಿನಿಂದ ಸ್ಟಿಯರಿಂಗಿಗೆ ಅಂಟಿತ್ತು. ದೊಡ್ಡ ರಸ್ತೆ ಸೇರುವಲ್ಲಿ ಮತ್ತೆ ಲಾರಿಗಳು. ಅವನು ನನ್ನ ಕಡೆ ನೋಡಿ, ಆಮೇಲೆ ಇಂಡಿಕೇಟರ್ ಹಾಕಿದ. ಟಿಕ್, ಟಿಕ್, ಟಿಕ್. ಇಬ್ಬರೂ ಕೇಳುತ್ತ ಕೂತೆವು. ಲಾರಿಗಳು ಮುಗಿದವು. ತಿರುಗಿಸಿದ. ಸ್ಟಿಯರಿಂಗ್ ನೆಟ್ಟಗಾಗುತ್ತಿದ್ದಂತೆ ಸದ್ದು ತಾನಾಗಿ ನಿಂತಿತು.

"ನಿಂತೋಯ್ತು ಅಕ್ಕ," ಎಂದ ಮಂಜು.

ಹೂಂ ಎಂದೆ. ನನ್ನ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಅದನ್ನು ಅಲ್ಲಿಂದ ತೆಗೆಯುವಷ್ಟರಲ್ಲಿ ಹೊಳಲ್ಕೆರೆ ಬಂದಿತ್ತು.